ಊರು ಇಡುವ ಆಟ: ಒಂದು ವಿಮರ್ಶೆ

ನಮ್ಮ ವಾಚನಾಲಯದ ಹುಡುಗರು ಈ ಸಲದ ಪುಸ್ತಕಕ್ಕೆ ನನ್ನಿಂದ ಒಂದು ವಿಮರ್ಶೆ ಬೇಕು ಅಂತ ಹೇಳಿದರು. ಪಾಡ್ದನ ಹೇಳಲಿಕ್ಕೆ ಕೂತರೆ ಬೆಳಗಿನವರೆಗೆ ಹೇಳಿಯೇನು, ವಿಮರ್ಶೆ ಅಂದರೆ ಎಂತ ಬರೆಯುವುದು ಮಾರಾಯರೇ ಅಂತ ಕೇಳಿದೆ. ಯಾವುದಾದರೂ ಒಂದನ್ನು ಸರಿಯಾಗಿ ನೋಡಿ, ಒಳ್ಳೆಯದು ಯಾವುದು, ಕೊರತೆ ಯಾವುದು ಅಂತ ಬರೆದರೆ ಸಾಕು ಅಂದರು. ಇತ್ತೀಚೆಗೆ ನಾನು ಸರಿಯಾಗಿ ನೋಡಿದ್ದು ಪುಸ್ತಕವನ್ನಲ್ಲ, ಆಟವನ್ನೂ ಅಲ್ಲ ಅಂತ ಹೇಳುವ ಹಾಗಿಲ್ಲ. ಅದು ಕಂಪ್ಯೂಟರಿನ ಆಟ. ಹೆಸರು ಸಿವಿಲೈಸೇಶನ್. ಮಗಳ ಮಗ, ಪ್ಲಸ್ ಟು ಓದುವವ, ಆಟಿಯ ಮಳೆಗೆ ಕಲೆಕ್ಟರು ರಜೆ ಕೊಟ್ಟ ದಿನಗಳಲ್ಲಿ ನಮ್ಮ ಚಾವಡಿಯಲ್ಲಿ ಕೂತು ಇದನ್ನು ಆಡಿದ. ಮೊದಲು ಹಿಂದೆ ನಿಂತು ನೋಡಿದೆ, ಆಮೇಲೆ ಪಕ್ಕದಲ್ಲಿ ಕೂತೆ, ಕೊನೆಗೆ ನಾನೇ ಮೂರು ಸಲ ಆಡಿದೆ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಅವನು ಓದಿ ಹೇಳಿದ. ಆದ್ದರಿಂದ ಈ ವಿಮರ್ಶೆಯಲ್ಲಿ ಕಣ್ಣು ಅವನದು, ಜಗಳ ಮಾತ್ರ ನನ್ನದು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸಿಡ್ ಮೀಯರ್ ಎಂಬ ಅಮೆರಿಕದವರು 1991ರಲ್ಲಿ ಇದನ್ನು ಶುರು ಮಾಡಿದ್ದು. ನಾವು ಆಡಿದ್ದು ಆರನೆಯದು, 2016ರಲ್ಲಿ ಬಂದದ್ದು. ಇದರಲ್ಲಿ ಚದುರಂಗದ ಹಾಗೆ ಸರದಿ ಉಂಟು. ನೀವು ನಿಮ್ಮ ಕೆಲಸ ಮುಗಿಸುವವರೆಗೆ ಎದುರಿನವ ಕಾಯುತ್ತಾನೆ. ನೆಲವೆಲ್ಲ ಜೇನುಗೂಡಿನ ಹಾಗೆ ಆರು ಮೂಲೆಯ ಕಳಗಳು. ಕ್ರಿಸ್ತನಿಗಿಂತ 4000 ವರ್ಷ ಹಿಂದೆ ಆಟ ಶುರು. ಆಗ ನಿಮ್ಮ ಕೈಯಲ್ಲಿ ಇರುವುದು ಎರಡೇ: ದೊಣ್ಣೆ ಹಿಡಿದ ಒಬ್ಬ ಕಾವಲಿನವ, ಮತ್ತು ಊರು ಇಡಲಿಕ್ಕೆ ಹೊರಟ ಒಂದು ತಂಡ. ಆ ತಂಡಕ್ಕೆ ಸೆಟ್ಲರ್ ಅಂತ ಹೆಸರು. ನಮ್ಮ ಭಾಷೆಯಲ್ಲಿ ಹೊಸ ಜಾಗೆಗೆ ಒಕ್ಕಲು ಹೋಗುವವರು ಅಂದರೆ ಸರಿಯಾದೀತು. ಸುತ್ತ ಮಂಜು ಕವಿದ ಹಾಗೆ ಕತ್ತಲು. ನಡೆದಷ್ಟು ಮಾತ್ರ ನೆಲ ಕಾಣುತ್ತದೆ. ಎಲ್ಲಿ ಊರು ಇಡುವುದು? ಆಟ ಕೊನೆಯಲ್ಲಿ ಬಾಹ್ಯಾಕಾಶದವರೆಗೆ ಹೋಗುತ್ತದಂತೆ. ಆ ಭಾಗ ನನಗೆ ಬೇಡ. ಮೊದಲ ಊರು ಎಲ್ಲಿ, ಎರಡನೆಯದು ಎಲ್ಲಿ, ಎಷ್ಟು ಬೇಗ ಹರಡುವುದು, ಈ ಮೊದಲ ನೂರು ಸರದಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಯಾಕೆಂದರೆ ಅಷ್ಟು ವಿಷಯದಲ್ಲಿ ನಾನೂ ಒಬ್ಬ ಆಟಗಾರ. ಒಂದು ಸಲ ಸೋತವನೂ ಹೌದು.

ಮೊದಲು ಒಳ್ಳೆಯದನ್ನು ಹೇಳಬೇಕು. ಈ ಆಟ ನೀರಿನಿಂದ ಶುರುವಾಗುತ್ತದೆ. ಸೆಟ್ಲರನ್ನು ಮುಟ್ಟಿದ ಕೂಡಲೇ ನೆಲದ ಬಣ್ಣ ಬದಲಾಗುತ್ತದೆ. ಸಿಹಿನೀರು ಇರುವಲ್ಲಿ ಗಾಢ ಹಸಿರು, ಕಡಲ ಕರೆಯಲ್ಲಿ ತಿಳಿ ಹಸಿರು, ನೀರಿಲ್ಲದಲ್ಲಿ ಬೂದಿ. ಸಿಹಿನೀರಿನ ಪಕ್ಕ ಊರು ಇಟ್ಟರೆ ಮೊದಲಿಗೆ 5 ಪಾಲು ಜನಕ್ಕೆ ಇರಲಿಕ್ಕೆ ಅವಕಾಶ, ಕಡಲ ಬದಿಯಲ್ಲಿ 3, ನೀರಿಲ್ಲದಲ್ಲಿ 2. ಜಾಗೆ ತುಂಬುತ್ತಾ ಬಂದ ಹಾಗೆ ಊರು ಬೆಳೆಯುವುದು ನಿಧಾನ ಆಗುತ್ತದೆ. ಅಷ್ಟೇ ಲೆಕ್ಕ. ಆದರೆ ಪೇಟೆಯಲ್ಲಿ ಸೈಟು ತೆಗೆದುಕೊಳ್ಳುವವರು ರಸ್ತೆ ಎಷ್ಟು ಅಗಲ ಅಂತ ಕೇಳುತ್ತಾರೆಯೇ ಹೊರತು ಮಾರ್ಚಿನಲ್ಲಿ ಬಾವಿಯಲ್ಲಿ ಎಷ್ಟು ಕೋಲು ನೀರು ಅಂತ ಕೇಳುವುದಿಲ್ಲ. ಆಟ ಆಡುವ ಮಕ್ಕಳು ಕೇಳುತ್ತಾರೆ. ಇದು ಸಣ್ಣ ಸಂಗತಿ ಅಲ್ಲ.

ಎರಡನೆಯದು ನನಗೆ ಇನ್ನೂ ಹಿಡಿಸಿತು. ಒಂದು ಊರಿನಿಂದ ಹೊಸ ಸೆಟ್ಲರನ್ನು ಕಳುಹಿಸಿದರೆ ಆ ಊರಿನ ಜನ ಒಂದು ಪಾಲು ಕಡಿಮೆ ಆಗುತ್ತದೆ. ಒಂದೇ ಪಾಲು ಇದ್ದರೆ ಕಳುಹಿಸಲಿಕ್ಕೇ ಆಗುವುದಿಲ್ಲ, ಎರಡಾದರೂ ಬೇಕು. ಮತ್ತೆ ಒಂದೊಂದು ಸೆಟ್ಲರಿಗೂ ಹಿಂದಿನದಕ್ಕಿಂತ ಖರ್ಚು ಹೆಚ್ಚು. ಪಾಲಾಗಿ ಹೋದ ಮನೆಗಳನ್ನು ನೋಡಿದವರಿಗೆ ಇದು ಅರ್ಥ ಆಗುತ್ತದೆ. ಒಬ್ಬ ಮಗ ಬೇರೆ ಮನೆ ಮಾಡಿದಾಗ ಮೂಲಮನೆಯಲ್ಲಿ ಒಂದು ಒಲೆ ಮಾತ್ರ ಅಲ್ಲ, ಎರಡು ಕೈ ಕಡಿಮೆ. ಗದ್ದೆ ಅಷ್ಟೇ ಉಂಟು, ನೇಜಿ ನೆಡುವವರು ಇಲ್ಲ. ಹರಡುವುದು ಅಂದರೆ ಬೆಳೆಯುವುದು ಅಂತ ನಾವೆಲ್ಲ ತಿಳಿದಿದ್ದೇವೆ. ಮೊದಲು ಕಳಕೊಳ್ಳಬೇಕು ಅಂತ ಈ ಆಟ ನೆನಪು ಮಾಡುತ್ತದೆ.

ಮೂರನೆಯದು ಕಾಲದ ಲೆಕ್ಕ. ಶುರುವಿನಲ್ಲಿ ಒಂದು ಸರದಿ ಅಂದರೆ 40 ವರ್ಷ. ನನ್ನ ಮೊದಲ ಆಟದಲ್ಲಿ ನಾನು ಒಳ್ಳೆಯ ಜಾಗೆ ಹುಡುಕುತ್ತಾ ಹನ್ನೊಂದು ಸರದಿ ನಡೆದೆ. ಹೊಳೆ ಇದ್ದಲ್ಲಿ ಗುಡ್ಡೆ ಇಲ್ಲ, ಗುಡ್ಡೆ ಇದ್ದಲ್ಲಿ ಬೈಲು ಇಲ್ಲ. ಕೊನೆಗೆ ಊರು ಇಡುವಾಗ ನೆರೆಯವನದು ಎರಡು ಊರು ಆಗಿತ್ತು. ಪುಳ್ಳಿ ನಕ್ಕ. "ಅಜ್ಜ, ನೀವು 440 ವರ್ಷ ನಡೆದಿರಿ. ಇದ್ದಲ್ಲಿಯೇ ಇಡಬೇಕು, ಇಲ್ಲದಿದ್ದರೆ ಒಂದು ಎರಡು ಸರದಿ, ಅಷ್ಟೇ" ಅಂದ. ಅವನ ಪ್ರಕಾರ ಮೊದಲ ನೂರು ಸರದಿಯೊಳಗೆ ಎಂಟು ಹತ್ತು ಊರು ಆಗದಿದ್ದರೆ ಆಟ ಹೋಯಿತು. ಮೊದಲು ನೆರೆಯವನ ಕಡೆಗೆ ಮುಂದೆ ಹೋಗಿ ಇಡಬೇಕು, ನಮ್ಮ ಬೆನ್ನ ಹಿಂದಿನ ಜಾಗೆ ಎಲ್ಲಿಯೂ ಹೋಗುವುದಿಲ್ಲ, ಅದನ್ನು ಕಡೆಗೆ ತುಂಬಿದರಾಯಿತು.

ಈ ಉಪಾಯ ಹೊಸತಲ್ಲ. ಇಕ್ಕೇರಿಯ ನಾಯಕರು ನಮ್ಮ ಕಡಲ ಕರೆಯಲ್ಲಿ ಮಾಡಿದ್ದು ಇದನ್ನೇ. ಅವರ ರಾಜಧಾನಿ ಘಟ್ಟದ ಮೇಲೆ. ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಹೋಯಿತು. ಆದರೆ ಕೋಟೆ ಹಾಕಿದ್ದು ಕೆಳಗೆ, ನೆರೆಯವನ ಗಡಿಯಲ್ಲಿ: ಬೇಕಲ, ಚಂದ್ರಗಿರಿ, ಹೊಸದುರ್ಗ. ಬೇಕಲವನ್ನು ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಅಲ್ಲಿಗೆ ಹೋದವರು ಕಡಲು ನೋಡಿ ಬರುತ್ತಾರೆ. ಒಳಗೆ ಮೆಟ್ಟಿಲು ಇರುವ ದೊಡ್ಡ ಕೆರೆ ಉಂಟು, ಅದನ್ನೂ ನೋಡಬೇಕು. ಮುಂದೆ ಹೋಗಿ ಇಟ್ಟವನೂ ನೀರನ್ನು ಬಿಡಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಮುಂದೆ ಇಟ್ಟ ಕೋಟೆಗಳೆಲ್ಲ ಬೇರೆಯವರ ಕೈಗೆ ಹೋದವು. ಮೂಲ ಹೋದರೆ ಕೊಂಬೆ ಯಾರದ್ದೋ. ಆಟದಲ್ಲಿಯೂ ಹಾಗೆಯೇ ಆಯಿತು. ನನ್ನ ಎರಡನೆಯ ಆಟದಲ್ಲಿ ಪುಳ್ಳಿ ಹೇಳಿದ ಹಾಗೆ ಬೇಗ ಬೇಗ ಆರು ಊರು ಇಟ್ಟೆ. ಆರರಲ್ಲಿಯೂ ಜನ ಇಲ್ಲ, ಕಾವಲು ಇಲ್ಲ. ನೆರೆಯವ ಎರಡನ್ನು ಕಿತ್ತುಕೊಂಡ.

ಇಲ್ಲಿಯವರೆಗೆ ಆಟವನ್ನು ಹೊಗಳಿದೆ. ಇನ್ನು ಕೊರತೆ.

ಆಟದವರಿಗೆ ಸಿಹಿನೀರು ಅಂದರೆ ಹೊಳೆ, ಸರೋವರ, ಮರುಭೂಮಿಯ ಒರತೆ. ಕೇರಳದ 44 ಹೊಳೆಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲಿಯೇ ಉಂಟು ಅಂತ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಾರೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆಟದ ಕಣ್ಣಿನಲ್ಲಿ ನೋಡಿದರೆ ನಮ್ಮ ಜಿಲ್ಲೆ ಪೂರಾ ಗಾಢ ಹಸಿರು. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಬಂದು ನೋಡಿ. ಹೊಳೆ ಚಿಕ್ಕದು, ಗುಡ್ಡೆ ಕಡಿದು. ಬಿದ್ದ ಮಳೆ ಕಡಲಿಗೆ ಓಡುತ್ತದೆ, ಬೇಸಗೆಯಲ್ಲಿ ಕಡಲಿನ ಉಪ್ಪು ಹೊಳೆಯೊಳಗೆ ಏರಿ ಬರುತ್ತದೆ. ಅದಕ್ಕೇ ಪೈವಳಿಕೆ, ಬಾಯಾರು, ಚಿಪ್ಪಾರು, ಕಯ್ಯಾರು ಕಡೆಯ ಹಳೆಯ ಮನೆಗಳು ಹೊಳೆಯ ಕರೆಯಲ್ಲಿ ಇಲ್ಲ. ಅವು ಗುಡ್ಡೆಯ ಬುಡದಲ್ಲಿ, ಬೈಲು ಮುಗಿಯುವಲ್ಲಿ ಉಂಟು. ಅಲ್ಲಿ ನಿಂತರೆ ಯಾಕೆ ಅಂತ ಗೊತ್ತಾಗುತ್ತದೆ. ಹಿಂದೆ ಗುಡ್ಡೆ: ಸೊಪ್ಪು, ಕಟ್ಟಿಗೆ, ದನ ಮೇಯುವ ಜಾಗೆ. ಮುಂದೆ ಗದ್ದೆ. ಮನೆ ಕಟ್ಟಲಿಕ್ಕೆ ಗದ್ದೆ ಹಾಳು ಮಾಡಲಿಲ್ಲ, ಆಟಿಯ ನೆರೆ ಅಂಗಳಕ್ಕೆ ಬರುವುದಿಲ್ಲ. ನೀರು? ಅದು ಗುಡ್ಡೆಯ ಹೊಟ್ಟೆಯಲ್ಲಿ.

ಸುರಂಗದ ಬಗ್ಗೆ ನಮ್ಮವರಿಗೆ ಹೇಳಬೇಕಾಗಿಲ್ಲ, ಆದರೂ ಈ ಪುಸ್ತಕ ಪರವೂರಿಗೆ ಹೋದರೆ ಅಂತ ಬರೆಯುತ್ತೇನೆ. ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ನಡೆದುಹೋಗುವಷ್ಟು ಎತ್ತರಕ್ಕೆ, ಎರಡು ಎರಡೂವರೆ ಅಡಿ ಅಗಲಕ್ಕೆ ತೋಡುತ್ತಾ ಹೋಗುವುದು. ಕೈಯಲ್ಲಿ ಪಿಕ್ಕಾಸು, ಪಕ್ಕದಲ್ಲಿ ಮೇಣದ ಬತ್ತಿ. ಬತ್ತಿ ನಂದಿದರೆ ಉಸಿರಿಗೆ ಗಾಳಿ ಸಾಲದು ಅಂತ ಹೊರಗೆ ಬರಬೇಕು. ಒರತೆ ಸಿಕ್ಕಿದರೆ ನೀರು ತಾನಾಗಿ ಹರಿದು ಬಾಯಿಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಅಲ್ಲಿಂದ ಕೆರೆಗೆ, ಕೆರೆಯಿಂದ ತೋಟಕ್ಕೆ. ಸಿಗದಿದ್ದರೆ ಮತ್ತೊಂದು ಕಡೆ ತೋಡಬೇಕು. ನಮ್ಮ ಮನೆಯದು ಅರವತ್ತು ಕೋಲು ಉದ್ದ. ಅಜ್ಜ ಶುರು ಮಾಡಿದ್ದು, ಅಪ್ಪ ಮುಂದುವರಿಸಿದ್ದು, ನಾನು ಕುಡಿದದ್ದು. ನಲವತ್ತು ವರ್ಷಕ್ಕೆ ಒಂದು ಸರದಿ ಅನ್ನುವ ಲೆಕ್ಕ ಇದಕ್ಕೆ ಮಾತ್ರ ಸರಿಯಾಗಿ ಕೂತಿತು.

ಪುಳ್ಳಿ ನನಗಾಗಿ ಇಂಡಿಯಾವನ್ನು ಆರಿಸಿಕೊಟ್ಟ, ಗಾಂಧೀಜಿ ನಾಯಕ. ಇಂಡಿಯಾಕ್ಕೆ ಮಾತ್ರ ಇರುವ ಒಂದು ಕಟ್ಟೋಣ ಮೆಟ್ಟಿಲು ಬಾವಿ. ಅದನ್ನು ಕಟ್ಟಿದರೆ ಅನ್ನವೂ ಹೆಚ್ಚು, ಜನ ಇರಲಿಕ್ಕೆ ಅವಕಾಶವೂ ಹೆಚ್ಚು. ಸಂತೋಷದಿಂದ ಗುಡ್ಡದ ಕಳದಲ್ಲಿ ಇಡಲಿಕ್ಕೆ ಹೋದೆ, ಆಟ ಬಿಡಲಿಲ್ಲ. ಗುಡ್ಡದ ಮೇಲೆ ಮೆಟ್ಟಿಲು ಬಾವಿ ಕಟ್ಟುವ ಹಾಗಿಲ್ಲವಂತೆ. ದೊಡ್ಡ ಪರ್ವತದಿಂದ ಊರಿಗೆ ಕಾಲುವೆ ತರಬಹುದು, ಆದರೆ ಕಾಲುವೆಯ ಕಳ ಊರಿಗೂ ಪರ್ವತಕ್ಕೂ ತಾಗಿಕೊಂಡಿರಬೇಕು. ಗುಜರಾತು ರಾಜಸ್ಥಾನದ ಬಾವಿ ನೋಡಿ ಇಂಡಿಯಾದ ನೀರು ಇಷ್ಟೇ ಅಂತ ಬರೆದಿದ್ದಾರೆ. ನಮ್ಮ ಸುರಂಗ, ಮದಕ, ತೋಡಿನ ಕಟ್ಟ ಅವರಿಗೆ ಗೊತ್ತಿಲ್ಲ. ಏತಡ್ಕದ ತೋಡಿನಲ್ಲಿ ಒಂದರ ಕೆಳಗೆ ಒಂದು ಕಟ್ಟ ಹಾಕುತ್ತಾರಲ್ಲ, ಅದರಲ್ಲಿ ಮೇಲಿನವನ ಕಟ್ಟದಿಂದ ಕೆಳಗಿನವನ ಬಾವಿಗೂ ನೀರು. ಒಬ್ಬನ ನೀರು ಇನ್ನೊಬ್ಬನ ನೀರು ಆಗುವ ಈ ಲೆಕ್ಕ ಆಟದಲ್ಲಿ ಇಲ್ಲವೇ ಇಲ್ಲ. ಈ ಕೊರತೆಗೆ ಮತ್ತೆ ಬರುತ್ತೇನೆ.

ಜಾಗೆ ನೋಡುವ ಬಣ್ಣದ ಕನ್ನಡಕ ನಮ್ಮ ಹಿರಿಯರಲ್ಲಿಯೂ ಇತ್ತು. ಅದು ಊರಿನ ಹೆಸರುಗಳಲ್ಲಿ ಉಂಟು. ಅಡ್ಕ ಅಂದರೆ ಮರ ಕಡಿಮೆ ಇರುವ ಒಣ ಬಯಲು: ಬದಿಯಡ್ಕ, ಧರ್ಮತ್ತಡ್ಕ. ಪದವು ಅಂದರೆ ಮೇಲಿನ ಸಮತಟ್ಟು, ಮುರಕಲ್ಲಿನ ನೆಲ. ಪಳ್ಳ ಅಂದರೆ ನೀರು ನಿಲ್ಲುವ ತಗ್ಗು. ಗದ್ದೆಯಲ್ಲಿಯೂ ಮೂರು ಹೆಸರು: ಕೆಳಗಿನದು ಬೈಲು, ಅಲ್ಲಿ ಮೂರು ಬೆಳೆ ಆಗುವಷ್ಟು ನೀರು, ನಡುವಿನದು ಮಜಲು, ಎರಡು ಬೆಳೆ, ಮೇಲಿನದು ಬೆಟ್ಟು, ಮಳೆಗಾಲದ ಒಂದೇ ಬೆಳೆ. ಹೆಸರು ಕೇಳಿದರೆ ಸಾಕು, ನೀರು ಎಷ್ಟು ಅಂತ ಗೊತ್ತಾಯಿತು. ಆಟದ ಕಂಪ್ಯೂಟರು ಬಣ್ಣದಲ್ಲಿ ತೋರಿಸಿದ್ದನ್ನು ನಮ್ಮವರು ಮಾತಿನಲ್ಲಿ ಕಟ್ಟಿಟ್ಟಿದ್ದರು. ಈಗ ಬೆಟ್ಟುಗದ್ದೆ ಅಂದರೆ ನಮ್ಮ ಮಕ್ಕಳಿಗೆ ಮನೆತನದ ಹೆಸರಿನ ಹಾಗೆ ಕೇಳುತ್ತದೆ.

ಇನ್ನೊಂದು ದೊಡ್ಡ ಜಗಳ ಉಂಟು. ಆಟದಲ್ಲಿ ಒಂದು ಊರು ಸುತ್ತ ಮೂರು ಕಳದವರೆಗೆ, ಒಟ್ಟು 36 ಕಳಗಳನ್ನು ದುಡಿಸಿಕೊಳ್ಳಬಹುದು. ಎರಡು ಊರಿನ ನಡುವೆ ಕನಿಷ್ಠ ಮೂರು ಕಳ ಬಿಡಬೇಕು. ಗಡಿಯ ಒಳಗೆ ಬಂದದ್ದೆಲ್ಲ ನಿಮ್ಮದು. ಕಾಡು ಕಡಿದರೆ ಆ ಕೂಡಲೇ ಕೆಲಸಕ್ಕೆ ಒಂದು ದೊಡ್ಡ ಗಂಟು ಸಿಗುತ್ತದೆ. ಬೇಗ ಹರಡಬೇಕಾದವರು ಕಾಡು ಕಡಿದು ಸೆಟ್ಲರ್ ಮಾಡುತ್ತಾರೆ. ಪುಳ್ಳಿಯ ಮೆಚ್ಚಿನ ಉಪಾಯ ಅದು. ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕುಮ್ಕಿ ಅಂತ ಇತ್ತು. ವರ್ಗದ ಜಾಗೆಯಿಂದ 100 ಗಜದೊಳಗಿನ ಸರಕಾರಿ ಗುಡ್ಡೆಯಲ್ಲಿ ಸೊಪ್ಪು ತೆಗೆಯಬಹುದು, ಕಟ್ಟಿಗೆ ತರಬಹುದು, ದನ ಮೇಯಿಸಬಹುದು, ಆದರೆ ಅದು ನಿನ್ನದಲ್ಲ. ಉಪಯೋಗಕ್ಕೆ ಉಂಟು, ಕಡಿದು ಮುಗಿಸಲಿಕ್ಕೆ ಇಲ್ಲ. ಈ ನಡುವಿನ ಸ್ಥಿತಿ ಆಟಕ್ಕೆ ಗೊತ್ತಿಲ್ಲ. ಒಂದೋ ನಿನ್ನದು, ಇಲ್ಲದಿದ್ದರೆ ಯಾರದ್ದೂ ಅಲ್ಲ. ಕುಮ್ಕಿಯನ್ನು ಕಬಳಿಸಿ ರಬ್ಬರು ಇಟ್ಟದ್ದು ನಾವೇ ಅಂತ ಒಪ್ಪಬೇಕು. ಆದರೆ ತಪ್ಪು ಮಾಡಿದ್ದೇವೆ ಅಂತ ಹೇಳಲಿಕ್ಕಾದರೂ ನಮಗೆ ಒಂದು ಶಬ್ದ ಉಂಟು.

ಈ "ಯಾರದ್ದೂ ಅಲ್ಲ" ಅನ್ನುವುದೇ ನನಗೆ ಆಗದ್ದು. ಆಟದಲ್ಲಿ ನೆಲ ಖಾಲಿ. ಖಾಲಿ ಇಲ್ಲದಲ್ಲಿ ಎರಡು ನಮೂನೆಯ ಜನ ಸಿಗುತ್ತಾರೆ. ಒಂದು, ಸಣ್ಣ ಗುಡಿಸಲುಗಳ ಹಾಡಿ. ನಿಮ್ಮವ ಅಲ್ಲಿ ಕಾಲಿಟ್ಟರೆ ಅವರು ಚಿನ್ನವನ್ನೋ ವಿದ್ಯೆಯನ್ನೋ ಕೊಟ್ಟು ಮಾಯವಾಗುತ್ತಾರೆ. ಎಲ್ಲಿಗೆ ಹೋದರು ಅಂತ ಕೇಳಿದೆ, ಪುಳ್ಳಿಗೆ ಗೊತ್ತಿಲ್ಲ. ಎರಡು, ಅನಾಗರಿಕರು ಅಂತ ಹೆಸರಿಟ್ಟ ಜನ. ನಿಮ್ಮ ಕಣ್ಣಿಗೆ ಕಾಣದ ಜಾಗೆಯಲ್ಲಿ ಅವರ ಬಿಡಾರ ಹುಟ್ಟುತ್ತದೆ, ಅದನ್ನು ಸುಟ್ಟರೆ ನಿಮಗೆ ಹಣ. ಬೇರೆ ಸಣ್ಣ ಸ್ವತಂತ್ರ ಪಟ್ಟಣಗಳು ಇವೆ, ಅವರೊಂದಿಗೆ ಸ್ನೇಹ ಮಾಡಬಹುದು, ಇಲ್ಲ ಅಂತ ಹೇಳುವುದಿಲ್ಲ. ಆದರೆ ಕಾಡಿನಲ್ಲಿ ಇರುವವನಿಗೆ ಒಂದೋ ಕೊಟ್ಟು ಮಾಯ ಆಗುವುದು, ಇಲ್ಲವೇ ಸುಟ್ಟುಹೋಗುವುದು.

ಪಾಡ್ದನದಲ್ಲಿ ಹಾಗಿಲ್ಲ. ನಮ್ಮ ಪಾಡ್ದನಗಳಲ್ಲಿ ಅರ್ಧಕ್ಕರ್ಧ ಜಾಗೆ ಹುಡುಕುವ ಕಥೆಯೇ. ದೈವ ಘಟ್ಟ ಇಳಿದು ಬರುತ್ತದೆ, ಯಾರದೋ ಕೊಡೆಯ ಮೇಲೆ ಕೂತು ಒಂದು ಊರಿಗೆ ಬಂದು ಸೇರುತ್ತದೆ. ಬಂದ ಕೂಡಲೇ ಇದು ನನ್ನ ಜಾಗೆ ಅಂತ ಹೇಳುವುದಿಲ್ಲ. ಮೊದಲು ಕುರುಹು ತೋರಿಸುತ್ತದೆ. ಹಟ್ಟಿಯ ದನಕ್ಕೆ ಸೀಕು, ಮನೆಯಲ್ಲಿ ಅಪಶಕುನ. ಮನೆಯವರು ಬಲ್ಯಾಯರ ಹತ್ತಿರ ಕೇಳುತ್ತಾರೆ. ದೈವ ಕೇಳುವುದು, ಮನೆಯವರು ಒಪ್ಪುವುದು, ಮೊದಲೇ ಅಲ್ಲಿ ಇದ್ದ ದೈವದೊಂದಿಗೆ ತೀರ್ಮಾನ ಆಗುವುದು. ಇದೆಲ್ಲ ಆದ ಮೇಲೆ ಒಂದು ಕಲ್ಲು, ಒಂದು ಸ್ಥಾನ. ಅಷ್ಟು ಶಕ್ತಿ ಇರುವ ದೈವಕ್ಕೇ ಕೇಳದೆ ನೆಲೆಯಾಗುವ ಹಕ್ಕಿಲ್ಲ. ನಾನು ಈ ಭಾಗವನ್ನು ಹಾಡುವಾಗ ಕೇಳುವವರು ಸ್ವಲ್ಪ ಉದ್ದ ಆಯಿತು ಅಂತ ಅಡಕೆ ಎಲೆ ಬಿಚ್ಚುತ್ತಾರೆ. ಈ ಆಟ ನೋಡಿದ ಮೇಲೆ ನನಗೆ ತಿಳಿಯಿತು, ಉದ್ದ ಮಾಡಿದ್ದು ಬೇಕಂತಲೇ.

ಇನ್ನು ಆ ಸೆಟ್ಲರ್. ಊರು ಇಟ್ಟ ಕ್ಷಣದಲ್ಲಿ ಅವನು ಮಾಯ. ಊರಿಗೆ ಹೆಸರು ಬರುತ್ತದೆ, ಇಟ್ಟವನಿಗೆ ಇಲ್ಲ. ಇದು ಆಟದ ಕೊರತೆಯೋ ಲೋಕದ ಕೊರತೆಯೋ ಗೊತ್ತಿಲ್ಲ. ನನ್ನ ಅಜ್ಜ ಗೇಣಿ ಒಕ್ಕಲು. ಧಣಿಗಳು ಆ ಗುಡ್ಡೆಯ ಬುಡಕ್ಕೆ ಹೋಗಿ ಕೂತುಕೋ ಅಂದರು, ಅವರು ಕೂತರು. ಪೊದರು ಕಡಿದರು, ಕಟ್ಟಪುಣಿ ಹಾಕಿದರು, ಸುರಂಗ ತೋಡಿದರು. ದಾಖಲೆಯಲ್ಲಿ ಎಲ್ಲಿಯೂ ಅವರ ಹೆಸರಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ಉಳುವವನೇ ಒಡೆಯ ಆದ, ಅಪ್ಪನ ಹೆಸರಿಗೆ ಪಟ್ಟೆ ಬಂತು. ಹಾಗೆ ನೋಡಿದರೆ ನಮ್ಮ ಮನೆಯ ಸೆಟ್ಲರ್ ಮಾಯವಾಗಿ ಒಂದು ತಲೆಮಾರಿನ ಮೇಲೆ ತಿರುಗಿ ಬಂದ.

ಗಡಿಯ ವಿಷಯ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. 2018ರಲ್ಲಿ ಬಂದ ಸೇರ್ಪಡೆಯಲ್ಲಿ ನಿಷ್ಠೆ ಅಂತ ಒಂದು ಲೆಕ್ಕ ಉಂಟು. ನೆರೆಯವನ ಊರುಗಳ ಹತ್ತಿರ ನೀವು ಊರು ಇಟ್ಟರೆ, ಅವರ ಜನದ ಒತ್ತಡದಿಂದ ನಿಮ್ಮ ಊರಿನ ನಿಷ್ಠೆ ಇಳಿಯುತ್ತಾ ಹೋಗುತ್ತದೆ. ಸೊನ್ನೆಗೆ ಬಂದರೆ ಊರು ಕೈಬಿಟ್ಟು ಹೋಗುತ್ತದೆ. ಪೈವಳಿಕೆಯವನಿಗೆ ಇದನ್ನು ನೋಡಿ ನಗು ಬರದೆ ಇದ್ದೀತೆ? 1956ರ ನವೆಂಬರ್ 1ರಂದು ನಾವು ಯಾರೂ ಇದ್ದಲ್ಲಿಂದ ಒಂದು ಹೆಜ್ಜೆ ಇಡಲಿಲ್ಲ, ಮದ್ರಾಸಿನಿಂದ ಕೇರಳಕ್ಕೆ ಬಂದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯಿಂದ ಬಡಗಿನ ಜಾಗೆ ಕರ್ನಾಟಕಕ್ಕೆ ಅಂತ ಹೇಳಿತು, ಆದರೆ ಗೆರೆ ಹಾಗೆಯೇ ಉಳಿಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಆಟದ ಲೆಕ್ಕದಲ್ಲಿ ಇಂತಹ ಊರಿನ ನಿಷ್ಠೆ ಎಷ್ಟು ಅಂತ ತೋರಿಸೀತು? ಜನ ಎರಡು ಮೂರು ಕಡೆಯವರಾಗಿಯೂ ಒಂದೇ ಊರಿನಲ್ಲಿ ಸುಖವಾಗಿ ಇರಬಹುದು ಅನ್ನುವುದಕ್ಕೆ ಅಲ್ಲಿ ಅಂಕೆ ಇಲ್ಲ.

ಈಗ ಬಿಟ್ಟು ಬಂದ ನೀರಿನ ಮಾತಿಗೆ. ಆಟದಲ್ಲಿ ಹೊಳೆಯ ಕರೆಯಲ್ಲಿ ಒಂದು ಊರು ಇಟ್ಟರೂ ಹತ್ತು ಊರು ಇಟ್ಟರೂ ಪ್ರತಿಯೊಂದಕ್ಕೂ ಐದು ಪಾಲು. 2019ರ ಸೇರ್ಪಡೆಯಲ್ಲಿ ನೆರೆ, ಬರ ಎಲ್ಲ ತಂದಿದ್ದಾರೆ, ಅದು ಒಳ್ಳೆಯದೇ. ಆದರೆ ಮೇಲಿನ ಊರಿನವ ನೀರು ತೆಗೆದದ್ದರಿಂದ ಕೆಳಗಿನ ಊರು ಒಣಗುವುದು ಇಲ್ಲ. ನಮ್ಮ ಚೆನ್ನೆಮಣೆಯಲ್ಲಿ ಎರಡು ಸಾಲಿಗೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಎಷ್ಟು ಹೊತ್ತು ಆಡಿದರೂ 56 ಮಾತ್ರ. ನನ್ನ ಗುಳಿ ತುಂಬಿದರೆ ನಿನ್ನದು ಖಾಲಿ. ಆಟಿಯಲ್ಲಿ ಚೆನ್ನೆ ಆಡಿದ ಮಕ್ಕಳಿಗೆ ಇದು ಬೆರಳಿಗೇ ಗೊತ್ತಿತ್ತು.

ನನಗೆ ಗೊತ್ತಿದ್ದೂ ಮರೆತೆ. ಹದಿನೆಂಟು ವರ್ಷದ ಹಿಂದೆ ನಾನೂ ಬೇಗ ಹರಡಲಿಕ್ಕೆ ಹೊರಟೆ. ಕೆಳಗಿನ ತೋಟ ಸಾಲದು ಅಂತ ಕಂಡಿತು. ಮೇಲಿನ ಪದವಿನಲ್ಲಿ 320 ಅಡಿ ಬೋರ್‌ವೆಲ್ ತೆಗೆಸಿ ಮುನ್ನೂರು ಅಡಿಕೆ ಸಸಿ ಇಟ್ಟೆ. ನೀರು ಚಿಮ್ಮಿದ ದಿನ ಊರಿಗೆಲ್ಲ ಪಾಯಸ ಕೊಟ್ಟವ ನಾನು. ಮೂರನೆಯ ಬೇಸಗೆಗೆ ಅಜ್ಜನ ಸುರಂಗದ ನೀರು ಕಿರುಬೆರಳಿನಷ್ಟಾಯಿತು, ಐದನೆಯದಕ್ಕೆ ನೂಲಿನಷ್ಟು. ನನಗೆ ಬೋರಿನಲ್ಲಿ ನೀರು ಇತ್ತು, ಆದ್ದರಿಂದ ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ನಮ್ಮ ಸುರಂಗದ ಉಳಿಕೆ ನೀರಿನಿಂದ ಬದುಕುವ ಒಂದು ಮನೆ ಕೆಳಗೆ ಉಂಟು. ಆ ಮನೆಯ ಅಕ್ಕ ಒಂದು ಮಾತು ಆಡಲಿಲ್ಲ. ಒಂದು ದಿನ ಎರಡು ಕೊಡ ತಂದು ನಮ್ಮ ಅಂಗಳದ ಪೈಪಿನ ಹತ್ತಿರ ಇಟ್ಟು ಕಾದು ನಿಂತರು. ಅಷ್ಟು ವರ್ಷ ಅವರ ಮನೆಗೆ ತಾನಾಗಿ ಹೋಗುತ್ತಿದ್ದ ನೀರಿಗೆ ಅವರು ನಮ್ಮ ಅಂಗಳಕ್ಕೆ ಬರಬೇಕಾಯಿತು. ಬೋರೂ ಈಗ ಏಪ್ರಿಲ್‌ನಲ್ಲಿ ಗಾಳಿ ಉಗುಳುತ್ತದೆ. ಪದವಿನ ಅಡಿಕೆಯಲ್ಲಿ ಉಳಿದದ್ದು ನೂರು ಚಿಲ್ಲರೆ.

ಇದನ್ನು ಯಾಕೆ ವಿಮರ್ಶೆಯಲ್ಲಿ ಬರೆದೆ ಅಂದರೆ, ಆಟದ ದೊಡ್ಡ ಕೊರತೆ ಇದುವೇ. ಅಲ್ಲಿ ಕೊಡ ಹಿಡಿದು ಯಾರೂ ಬರುವುದಿಲ್ಲ. ಜಾಗೆ ತಪ್ಪಿದರೆ ನಷ್ಟ ಆಟಗಾರನಿಗೆ ಮಾತ್ರ, ಅವನು ಹೊಸ ಆಟ ಶುರು ಮಾಡಬಹುದು. ನಿಜವಾದ ಊರಿನಲ್ಲಿ ಜಾಗೆ ತಪ್ಪಿದ್ದರ ನಷ್ಟ ಹೆಚ್ಚಾಗಿ ತಗ್ಗಿನಲ್ಲಿ ಇರುವವರಿಗೆ. ಮೇಲೆ ಇರುವವನಿಗೆ ಅದು ಕಡೆಗೆ ಗೊತ್ತಾಗುವುದು.

ಹಾಗಾದರೆ ಮಕ್ಕಳು ಈ ಆಟ ಆಡಬಾರದೇ? ಆಡಲಿ. ನನ್ನ ಮೂರನೆಯ ಆಟದಲ್ಲಿ ನಾಲ್ಕೇ ಊರು ಇಟ್ಟೆ, ನಾಲ್ಕಕ್ಕೂ ನೀರು, ನಾಲ್ಕಕ್ಕೂ ಕಾವಲು. ಗೆಲ್ಲಲಿಲ್ಲ. ಒಂದೂ ಕಳಕೊಳ್ಳಲಿಲ್ಲ. ಪುಳ್ಳಿಗೆ ಇದು ದೊಡ್ಡ ಸಾಧನೆಯಾಗಿ ಕಾಣಲಿಲ್ಲ. ಆದರೆ ಅವನು ಮಾಡಿದ ಇನ್ನೊಂದು ಕೆಲಸ ಹೇಳಬೇಕು. ನಮ್ಮ ಸಣ್ಣ ಮಗನಿಗೆ ಬೇರೆ ಮನೆ ಕಟ್ಟಬೇಕು. ಅವನ ಮನಸ್ಸು ಪದವಿನ ಮೇಲೆ, ರಸ್ತೆ ಬದಿ, ಕಾರು ಅಂಗಳಕ್ಕೆ ಬರುತ್ತದೆ. ಇನ್ನೊಂದು ಬೋರು ತೆಗೆಸಿದರಾಯಿತು ಅಂತ ಅವನ ಮಾತು. ಕಳೆದ ಮಾರ್ಚಿನಲ್ಲಿ ಪುಳ್ಳಿ ನನ್ನನ್ನು ಕರೆದುಕೊಂಡು ಜಾಗೆಯಿಡೀ ನಡೆದ. ಒಂದು ಕಾಗದದಲ್ಲಿ ನಮ್ಮ ಜಾಗೆಯ ನಕ್ಷೆ ಬಿಡಿಸಿ ಬಣ್ಣ ಹಾಕಿದ. ಹುತ್ತ ಎಲ್ಲಿ, ಬೇಸಗೆಯಲ್ಲೂ ಹಸಿರಾಗಿರುವ ಮರ ಎಲ್ಲಿ, ಮಣ್ಣು ಎಲ್ಲಿ ತಂಪು ಅಂತ ನನ್ನ ಹತ್ತಿರ ಕೇಳಿ ಕೇಳಿ ಹಸಿರು ತುಂಬಿದ. ಪದವು ಪೂರಾ ಬೂದಿ ಬಣ್ಣ. "ಮಾವ, ಇಲ್ಲಿ ಎರಡು ಪಾಲು ಮಾತ್ರ" ಅಂತ ಅವನ ಮಾವನಿಗೆ ತೋರಿಸಿದ. ನಾನು ಹತ್ತು ವರ್ಷ ಬಾಯಲ್ಲಿ ಹೇಳಿದ್ದು ಮಗನಿಗೆ ಆ ಕಾಗದದಲ್ಲಿ ಕಂಡಿತು. ಅದು ಈ ಆಟದ ಉಪಕಾರ, ಬರೆಯದಿದ್ದರೆ ತಪ್ಪಾದೀತು.

ಆ ಕಾಗದದಲ್ಲಿ ನಾನು ಒಂದನ್ನು ಸೇರಿಸಿದೆ. ನಮ್ಮ ಗಡಿಯ ಆಚೆ, ಕೆಳಗಿನ ಅಕ್ಕನ ಮನೆಯನ್ನೂ ಬರೆದೆ. ಅದು ನಮ್ಮ ಜಾಗೆ ಅಲ್ಲವಲ್ಲ ಅಂತ ಪುಳ್ಳಿ ಕೇಳಿದ. ನೀರು ಅಲ್ಲಿಯವರೆಗೆ ಹೋಗುತ್ತದಲ್ಲ, ಅಷ್ಟೂ ಬರೆಯಬೇಕು ಅಂತ ಹೇಳಿದೆ.

ಬೋರು ಬಂದ್ ಮಾಡಿದ್ದೇವೆ. ಪದವಿನಲ್ಲಿ ಮಳೆನೀರು ಇಂಗುವ ಹಾಗೆ ಉದ್ದಕ್ಕೆ ಗುಂಡಿ ತೆಗೆದಿದ್ದೇವೆ. ತುಲಾ ತಿಂಗಳ ಮಳೆ ಮುಗಿದ ಮೇಲೆ ಸುರಂಗದೊಳಗೆ ಕುಸಿದ ಮಣ್ಣು ತೆಗೆಸಬೇಕು. ಒಳಗೆ ಹೋಗುವ ಕೆಲಸದವರು ಈಗ ಸಿಗುವುದು ಕಷ್ಟ. ಮಗ ಇನ್ನೂ ಪೂರ್ತಿ ಒಪ್ಪಲಿಲ್ಲ, ಬೆಟ್ಟುಗದ್ದೆಯ ಕರೆಗೆ ಕಾರು ಬರುವುದಿಲ್ಲ ಅಂತ ಅವನ ತಕರಾರು ಉಂಟು, ಅದು ಸುಳ್ಳೂ ಅಲ್ಲ. ಬರುವ ಏಪ್ರಿಲ್‌ವರೆಗೆ ಕಾದು, ಸುರಂಗದ ಬಾಯಿಯಲ್ಲಿ ನೀರು ಎಷ್ಟು ಅಂತ ನೋಡಿ ಆಮೇಲೆ ತಳಪಾಯ ಹಾಕುವ ಅಂತ ನಾನು ಹೇಳಿದ್ದೇನೆ. ಒಂದು ವರ್ಷ ಸುಮ್ಮನೆ ಹೋಗುತ್ತದೆ ಅಂತ ಅವನು ಅಂದ. ಆಟದಲ್ಲಿ ಅದು ಒಂದು ಸರದಿಯೂ ಅಲ್ಲ ಅಂತ ಪುಳ್ಳಿ ಹೇಳಿದ.